ನಾವು ಎಲ್ಲಿಯ ಸ್ಥಳೀಯರು?

ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಬಾಗಿಲ ಸರಳು ಹಿಡಿದು ನಿಂತಾಗ "ನೀನು ಇಲ್ಲಿಯವನೇ?" ಎಂದು ಯಾರೂ ಕೇಳುವುದಿಲ್ಲ. ಕೇಳಲು ಉಸಿರಾದರೂ ಎಲ್ಲಿರುತ್ತದೆ! ಆ ಪ್ರಶ್ನೆ ಕೇಳುವುದು ರಾಜಕಾರಣ. 'ಮಣ್ಣಿನ ಮಕ್ಕಳಿಗೆ ಮೊದಲ ಹಕ್ಕು' ಎಂಬ ವಿಚಾರ ಇಂದು ಹಲವು ರಾಜ್ಯಗಳ ನೀತಿಯನ್ನೂ ಚುನಾವಣೆಯ ಭಾಷಣಗಳನ್ನೂ ರೂಪಿಸುತ್ತಿದೆ.

ನಿಮ್ಮ ಅಜ್ಜ-ಅಜ್ಜಿಯರಿಗೆ ಇದು ಹೊಸತಲ್ಲ. 1966ರ ಜೂನ್ 19ರಂದು ಬಾಳಾಸಾಹೇಬ ಠಾಕ್ರೆಯವರು ಶಿವಸೇನೆಯನ್ನು ಸ್ಥಾಪಿಸಿದಾಗ ಅದರ ಮೊದಲ ಗುರಿ ಮುಂಬಯಿಯ ಕಚೇರಿಗಳಲ್ಲಿದ್ದ ದಕ್ಷಿಣ ಭಾರತದ ಗುಮಾಸ್ತರು, ಟೈಪಿಸ್ಟರು. ಉಡುಪಿ ಹೊಟೇಲುಗಳಿಗೂ ಬಿಸಿ ತಟ್ಟಿತು. ತಮಿಳ, ಮಲಯಾಳಿ, ಕನ್ನಡಿಗ ಎಂಬ ಭೇದವಿಲ್ಲದೆ ಎಲ್ಲರೂ 'ಮದ್ರಾಸಿ'ಗಳೇ. ಆ ಪಕ್ಷದ ಮೊದಲ ದೊಡ್ಡ ಗೆಲುವು 1967ರಲ್ಲಿ ನಮ್ಮ ಠಾಣೆ ನಗರಸಭೆಯಲ್ಲೇ ಆಯಿತು. ಆದರೆ ಆ ಕೂಗಿನ ಹಿಂದೆ ನಿಜವಾದ ಸಂಕಟವೂ ಇತ್ತೆಂದು ಒಪ್ಪಬೇಕು. 1960ರಲ್ಲಿ ರಾಜ್ಯ ಸಿಕ್ಕಿತು, ರಾಜಧಾನಿಯ ಕೆಲಸ ಸಿಗಲಿಲ್ಲ ಎಂಬುದು ಮರಾಠಿ ತರುಣರ ಅಳಲು.

ಈಗ ಚಿತ್ರ ತಿರುಗಿದೆ. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆಯಿತ್ತಿತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬುದು ಅದರ ಸಾರ. ಸ್ಥಳೀಯರೆಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು, ಅಲ್ಲಿ 15 ವರ್ಷ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು.

ಮನೆಯಲ್ಲಿ ಕನ್ನಡವೋ ತುಳುವೋ ಆಡುತ್ತ, ಕಲ್ಯಾಣದಲ್ಲಿ ಹುಟ್ಟಿ, ವಾಶಿಯ ಕಾಲೇಜಿನಲ್ಲಿ ಓದಿ ಬೆಂಗಳೂರಿನ ಕಂಪೆನಿಗೆ ಅರ್ಜಿ ಹಾಕುವ ನಮ್ಮ ಹುಡುಗಿ ಮೊದಲ ಮೆಟ್ಟಿಲಲ್ಲೇ ಎಡವುತ್ತಾಳೆ. ಅದೇ ಹುಡುಗಿ 15 ವರ್ಷಗಳ ವಾಸದ ದಾಖಲೆ ತೋರಿಸಿ ಮಹಾರಾಷ್ಟ್ರದ ಡೊಮಿಸೈಲ್ ಸರ್ಟಿಫಿಕೇಟು ಪಡೆಯಬಹುದು. ಅಜ್ಜ ಹೊರಗಿನವನೆನಿಸಿಕೊಂಡ ನೆಲದಲ್ಲಿ ಮೊಮ್ಮಗಳು ಒಳಗಿನವಳು. ಅಜ್ಜನ ಊರಿನಲ್ಲಿ ಹೊರಗಿನವಳು!

ಉದ್ಯಮಿಗಳ ವಿರೋಧದಿಂದ ಆ ಮಸೂದೆಯನ್ನು ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಶೇ. 75 ಮೀಸಲಿಟ್ಟ ಹರಿಯಾಣದ ಇಂಥದೇ ಕಾಯಿದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದುಪಡಿಸಿತ್ತು. ದೇಶದ ಯಾವ ಭಾಗದಲ್ಲೂ ನೆಲೆಸುವ, ದುಡಿಯುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆಯಲ್ಲ! ಆದರೂ ಈ ಬೇಡಿಕೆ ಸಾಯದು. ಕರ್ನಾಟಕದಲ್ಲಿ 1986ರ ಸರೋಜಿನಿ ಮಹಿಷಿ ವರದಿಯಿಂದಲೂ ಅದು ಮತ್ತೆ ಮತ್ತೆ ಏಳುತ್ತಿದೆ. ಕೆಲಸ ಸೃಷ್ಟಿಸುವುದಕ್ಕಿಂತ ಕೆಲಸಕ್ಕೆ ಬೇಲಿ ಹಾಕುವುದು ಸುಲಭ ತಾನೆ?

ನನ್ನ ಮಟ್ಟಿಗೆ ಭಾಷೆಯ ಷರತ್ತು ನ್ಯಾಯವೇ. ಹುಟ್ಟಿದ ಊರಿನದು ಅಲ್ಲ. ಭಾಷೆಯನ್ನು ಕಲಿಯಬಹುದು, ಹುಟ್ಟನ್ನು ತಿದ್ದಲಾಗದು.

ಆದರೆ ಕಲಿಯುವುದೆಲ್ಲಿ? 2025ರ ಜೂನ್ 17ರಂದು ಮಹಾರಾಷ್ಟ್ರ ಸರಕಾರ ಒಂದನೇ ತರಗತಿಯಿಂದಲೇ ಸಾಮಾನ್ಯವಾಗಿ ಹಿಂದಿ ಮೂರನೆಯ ಭಾಷೆ ಎಂದು ಆದೇಶಿಸಿತು. ಮರಾಠಿ ಪರ ವಿರೋಧಕ್ಕೆ ಮಣಿದು ಜೂನ್ 29ರಂದು ಹಿಂತೆಗೆದುಕೊಂಡಿತು. ಆ ಗದ್ದಲದಲ್ಲಿ ಮುಳುಗಿಹೋದ ಒಂದು ಸಾಲಿತ್ತು: ತರಗತಿಯಲ್ಲಿ 20 ಮಕ್ಕಳು ಕೇಳಿದರೆ ಹಿಂದಿಯ ಬದಲು ಬೇರೊಂದು ಭಾರತೀಯ ಭಾಷೆ ಕಲಿಯಬಹುದಿತ್ತು. ಕನ್ನಡವೂ ಆಗಬಹುದಿತ್ತು. ನಾನು ನಮ್ಮ ಕಟ್ಟಡದ ಕನ್ನಡ ಮನೆಗಳ ಮಕ್ಕಳನ್ನು ಎಣಿಸಲು ಹೊರಟೆ. ಎಲ್ಲ ತರಗತಿಗಳೂ ಸೇರಿ ನಾಲ್ಕಕ್ಕೇ ನಿಂತಿತು.