ಸೈಕಲ್ಲಿನ ಅಪಾಯ ಎಷ್ಟು?

ಸೈಕಲ್ಲು ಸವಾರನೊಬ್ಬ ಲಾರಿಗೆ ಸಿಕ್ಕನೆಂದು ಪತ್ರಿಕೆಯಲ್ಲಿ ಬಂದ ದಿನ ನಮ್ಮ ವಾಚನಾಲಯದಲ್ಲಿ ಬೇರೆ ಮಾತೇ ಇರುವುದಿಲ್ಲ. ನಾಸಿಕದ ಅಂಬಡ, ಸಾತಪುರಗಳಿಗೂ ಸಂಭಾಜಿನಗರದ ವಾಳೂಜ, ಚಿಕಲಠಾಣೆಗಳಿಗೂ ಪಾಳಿಯ ಮೇಲೆ ಸೈಕಲ್ಲು ತುಳಿಯುವವರು ನಮ್ಮಲ್ಲಿ ಹಲವರು. "ಅದನ್ನು ಮಾರಿ ಮೋಟರ್ ಸೈಕಲ್ಲು ಕೊಂಡುಕೋ" ಎಂದು ಊರಿನಿಂದ ತಾಯಿ ಹೇಳಿಕಳಿಸುತ್ತಾಳೆ. ಸಾಲ ಮಾಡುವ ಮೊದಲು ಲೆಕ್ಕವನ್ನು ಸ್ವಲ್ಪ ನೋಡೋಣ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ಮೋಟರು ದ್ವಿಚಕ್ರಿಯವರು. ಸೈಕಲ್ಲಿನವರು ಸುಮಾರು 3. ಇಷ್ಟನ್ನೇ ಓದಿ "ಹಾಗಾದರೆ ಸೈಕಲ್ಲೇ ಕ್ಷೇಮ" ಎನ್ನುವುದೂ ಆತುರವೇ. ಅಂಗಡಿಯಲ್ಲಿ ಹತ್ತು ತೆಂಗಿನಕಾಯಿ ಕೆಟ್ಟವೆಂದರೆ ಏನೂ ತಿಳಿಯದು. ನೂರರಲ್ಲಿ ಹತ್ತೋ, ಸಾವಿರದಲ್ಲಿ ಹತ್ತೋ ಎಂದು ಕೇಳಬೇಕು. ರಸ್ತೆಯ ಲೆಕ್ಕದಲ್ಲಿ ಆ ಸಾವಿರವೆಂದರೆ ಸವಾರರೆಲ್ಲ ಕೂಡಿ ಕ್ರಮಿಸಿದ ದೂರ. 2011ರ ಜನಗಣತಿಯಲ್ಲಿ, ಬೇಸಾಯ ಮತ್ತು ಮನೆಗೈಗಾರಿಕೆ ಬಿಟ್ಟು ಇತರ ಕೆಲಸಗಾರರಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ಲಿನಲ್ಲಿ, ಹೆಚ್ಚುಕಡಿಮೆ ಅಷ್ಟೇ ಮಂದಿ ಮೋಟರು ದ್ವಿಚಕ್ರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಮೋಟರು ಗಾಡಿಗಳು ಬಹಳ ಹೆಚ್ಚಿವೆ, ಓಡುವ ದೂರವೂ ಹೆಚ್ಚು. ಆದಕಾರಣ 44ನ್ನು 3ರೊಡನೆ ನೇರವಾಗಿ ತೂಗುವಂತಿಲ್ಲ. ಆದರೆ ಮೋಟರು ಹತ್ತಿದವನು ಅಪಾಯದಿಂದ ಪಾರಾದನೆಂದಂತೂ ಈ ಅಂಕಿಗಳು ಹೇಳುವುದಿಲ್ಲ.

ನಮ್ಮ ದೂರವೇನು ಕಡಿಮೆಯೇ? ದಿನಕ್ಕೆ 10 ಕಿಲೋಮೀಟರು ಹೋಗಿಬರುವವನು 300 ದಿನಕ್ಕೆ 3,000 ಕಿಲೋಮೀಟರು ತುಳಿಯುತ್ತಾನೆ. ನಾಸಿಕದ ಡಾಕ್ಟರು ಸೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನರು 2015ರಲ್ಲಿ ಅಮೆರಿಕೆಯನ್ನು ಅಡ್ಡಹಾಯ್ದ ಪಂದ್ಯ ಸುಮಾರು 4,800 ಕಿಲೋಮೀಟರು. ನಮ್ಮ ಕಾರಕೂನರು ಒಂದೂವರೆ ವರ್ಷದ ಮೇಲೆ ಸ್ವಲ್ಪ ದಿನಗಳಲ್ಲಿ ಅಷ್ಟನ್ನು ಹಾರತುರಾಯಿಯಿಲ್ಲದೆ ಮುಗಿಸುತ್ತಾರೆ!

ಜಮೆಯ ಕಡೆಯನ್ನೂ ನೋಡಬೇಕು. ಕಾರು ಬಿಟ್ಟು ಸೈಕಲ್ಲು ಹಿಡಿದವರ ಬಗ್ಗೆ ನೆದರ್ಲೆಂಡ್ಸಿನ ಸಂಶೋಧಕರು 2010ರಲ್ಲಿ ಅಂದಾಜು ಮಾಡಿದರು: ವ್ಯಾಯಾಮದಿಂದ ಆಯುಷ್ಯಕ್ಕೆ 3ರಿಂದ 14 ತಿಂಗಳು ಲಾಭ, ಅಪಘಾತದಿಂದ 5ರಿಂದ 9 ದಿನ, ಹೊಗೆಯಿಂದ ಹೆಚ್ಚೆಂದರೆ 40 ದಿನ ನಷ್ಟ. ಅಲ್ಲಿ ಸೈಕಲ್ಲಿಗೇ ಬೇರೆ ದಾರಿಗಳುಂಟು, ನಮ್ಮಲ್ಲಿಲ್ಲ. ಅಪಘಾತದ ನಷ್ಟವನ್ನು ಐದುಪಟ್ಟು ಹಿಡಿಯಿರಿ, 45 ದಿನವಾಯಿತು. ಹೊಗೆಯನ್ನು ಕೂಡಿಸಿದರೂ ಮೂರು ತಿಂಗಳು ತುಂಬುವುದಿಲ್ಲ. ನಮ್ಮ ಹೊಗೆ ಅವರದಕ್ಕಿಂತ ದಟ್ಟವೆಂಬುದು ಬೇರೆ ಮಾತು.

ಎಲ್ಲ ಕಿಲೋಮೀಟರುಗಳೂ ಒಂದೇ ಅಲ್ಲ. ಗಾಡಿಯ ವೇಗ 30ರಿಂದ 60ಕ್ಕೆ ಏರಿದರೆ ಅದರ ಪೆಟ್ಟಿನ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ. ಮುಂಬಯಿ–ಆಗ್ರಾ ಹೆದ್ದಾರಿಯಲ್ಲಾಗಲಿ ಜಾಲನಾ ರಸ್ತೆಯಲ್ಲಾಗಲಿ ಹೋಗುವ ಬದಲು ಒಳದಾರಿ ಒಂದು ಕಿಲೋಮೀಟರು ಸುತ್ತಾದರೂ ನಾವು ಅದನ್ನೇ ಹಿಡಿಯುತ್ತೇವೆ. ನಡುರಾತ್ರಿ ಪಾಳಿ ಬಿಟ್ಟು ಬರುವವರ ಸೈಕಲ್ಲಿಗೆ ಹಿಂದೆ ಕೆಂಪು ದೀಪವಿದೆಯೇ ಎಂಬುದನ್ನು ಗೆಳೆಯರು ಈ ವಾರ ಪರಸ್ಪರ ನೋಡಿಕೊಳ್ಳಲಿ.