ಕೇಳುವುದಕ್ಕೂ ಒಂದು ರೀತಿ, ಹೇಳುವುದಕ್ಕೂ ಒಂದು ನೀತಿ

ರಾತ್ರಿ ಹನ್ನೊಂದು ಗಂಟೆ. ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು, ಒಲೆ ಒರೆಸಿ, ಅಡುಗೆಮನೆಯ ದೀಪ ಆರಿಸುವುದಕ್ಕೂ ನಡುಮನೆಯಿಂದ "ಅಮ್ಮಾ!" ಎಂದು ಮಗಳ ಕೂಗು ಕೇಳುವುದಕ್ಕೂ ಸರಿಹೋಯಿತು. ಹಾವು ಕಂಡವರು ಕೂಗುವ ಹಾಗಿತ್ತು. ಕೈ ಒರೆಸಿಕೊಳ್ಳುತ್ತಲೇ ಓಡಿದೆ.

"ಏನಾಯ್ತೇ ಪುಟ್ಟಿ?"

"ಎಲ್ಲಾ ಹೋಯ್ತಮ್ಮಾ. ನನ್ನ ಕೆಲಸಾನೂ ಹೋಯ್ತು ಅಂದ್ಕೋ."

ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಸೋದರಿಯರೇ, ನನ್ನ ಮಗಳಿಗೆ ಇಪ್ಪತ್ಮೂರು ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ವಾರದಲ್ಲಿ ಎರಡು ಮೂರು ದಿನ ತಿಪಟೂರಿನ ನಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಅವಳ ಕೆಲಸ ಡೇಟಾಬೇಸ್ ನೋಡಿಕೊಳ್ಳುವುದು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನನಗೆ ಇದು ಅರ್ಥವಾಗಲು ಒಂದು ವರ್ಷ ಹಿಡಿಯಿತು. ನೀವು ಗ್ಯಾಸ್ ಸಿಲಿಂಡರಿಗೆ ಬರೆಸುತ್ತೀರಿ, ರೈಲಿಗೆ ಸೀಟು ಕಾದಿರಿಸುತ್ತೀರಿ, ಬ್ಯಾಂಕಿನಲ್ಲಿ ಪಾಸ್‌ಬುಕ್ ಹಚ್ಚಿಸುತ್ತೀರಿ. ಇದೆಲ್ಲದರ ಹಿಂದೆ ಒಂದು ದೊಡ್ಡ ಲೆಕ್ಕದ ಪುಸ್ತಕವಿದೆ ಎಂದುಕೊಳ್ಳಿ. ಯಾರು, ಎಲ್ಲಿಯವರು, ಏನು ಕೊಟ್ಟರು, ಏನು ಬಾಕಿ ಎಲ್ಲವೂ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಅದೇ ಡೇಟಾಬೇಸ್. ಅದನ್ನು ಕಾಯುವವರು ಕೂಡುಕುಟುಂಬದಲ್ಲಿ ಉಗ್ರಾಣದ ಬೀಗದ ಕೈ ಹಿಡಿದ ಹಿರಿಸೊಸೆಯ ಹಾಗೆ. ಎಲ್ಲ ಸರಿಯಾಗಿದ್ದರೆ ಅವಳನ್ನು ಯಾರೂ ನೆನೆಯುವುದಿಲ್ಲ. ಒಂದು ಡಬ್ಬಿ ಕಾಣದಿದ್ದರೆ ಮಾತ್ರ ಎಲ್ಲರ ಬಾಯಲ್ಲೂ ಅವಳದೇ ಹೆಸರು!

ಆ ರಾತ್ರಿ ಆಗಿದ್ದು ಇಷ್ಟು. ಒಬ್ಬ ಗ್ರಾಹಕರ ವಿಳಾಸ ತಿದ್ದಬೇಕಿತ್ತು. ಕಂಪ್ಯೂಟರಿಗೆ ಅಪ್ಪಣೆ ಕೊಡುವಾಗ 'ಇಂಥವರಿಗೆ ಮಾತ್ರ' ಎಂಬ ಮಾತನ್ನೂ ಸೇರಿಸಬೇಕಂತೆ. ನಿದ್ದೆಗಣ್ಣಿನಲ್ಲಿ ಅದನ್ನೇ ಬಿಟ್ಟಳು. ಕಂಪ್ಯೂಟರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಜನ ಗ್ರಾಹಕರೆಲ್ಲ ಒಂದೇ ಮನೆಯಲ್ಲಿ ವಾಸವಾಗಿಬಿಟ್ಟರು!

ಈಗ ನಗು ಬರುತ್ತದೆ. ಆಗ ಬರಲಿಲ್ಲ. ಮೇಲಿನ ಅಧಿಕಾರಿಗೆ ಫೋನ್ ಮಾಡಿದಳು. ಅವರು ಊರಿಗೆ ಹೊರಟ ರಾತ್ರಿ ಬಸ್ಸಿನಲ್ಲಿದ್ದರೋ ಏನೋ, ಫೋನು ಹತ್ತಲಿಲ್ಲ. ಅಳುತ್ತಳುತ್ತಲೇ ಏನೋ ಬರೆದು ಕಳಿಸಿದಳು. ಕಾಲು ಗಂಟೆಯೂ ಆಗಿರಲಿಲ್ಲ, ಉತ್ತರ ಬಂತು. ಬರೆದವರು ಯಾವುದೋ ದೂರದೇಶದ ಹಿರಿಯರು. ಅವರಿಗೆ ಆಗ ಮಧ್ಯಾಹ್ನವಂತೆ. ಮಗಳು ಓದಿ ಕನ್ನಡದಲ್ಲಿ ಹೇಳಿದಳು: "ಮೊದಲು ಕೈ ಕಟ್ಟಿ ಕೂತುಕೋ, ಇನ್ನೇನನ್ನೂ ಮುಟ್ಟಬೇಡ. ತಪ್ಪಾದ ನಿಮಿಷ ಯಾವುದು, ಬರೆದಿಟ್ಟುಕೋ. ಮುಚ್ಚಿಡಬೇಡ, ನಿಮ್ಮವರು ಯಾರು ಸಿಕ್ಕರೂ ಈಗಲೇ ತಿಳಿಸು. ಆಮೇಲೆ ಮುಂದಿನ ದಾರಿ ಹೇಳುತ್ತೇನೆ. ನಾನೂ ಒಮ್ಮೆ ಹೀಗೇ ಮಾಡಿದ್ದೇನೆ."

ಆ ಕೊನೆಯ ಮಾತು ಕೇಳಿದ ಮೇಲೆಯೇ ನಮ್ಮ ಹುಡುಗಿ ಸರಿಯಾಗಿ ಉಸಿರಾಡಿದ್ದು.

ಅಷ್ಟರಲ್ಲಿ ಆಫೀಸಿನ ಇನ್ನೊಬ್ಬರು ಫೋನಿಗೆ ಸಿಕ್ಕರು. ಹಿಂದಿನ ರಾತ್ರಿ ತೆಗೆದಿಟ್ಟ ಪ್ರತಿಯನ್ನು, ಅಂದರೆ ಬ್ಯಾಕಪ್ಪನ್ನು, ಬೇರೊಂದು ಯಂತ್ರದಲ್ಲಿ ಬಿಚ್ಚಿದರು. ಡೇಟಾಬೇಸು ತಾನು ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಿನಚರಿಯ ಹಾಗೆ ಬರೆದಿಟ್ಟುಕೊಂಡಿರುತ್ತದಂತೆ. ಆ ದಿನಚರಿಯನ್ನು ತಪ್ಪಾಗುವ ಹಿಂದಿನ ನಿಮಿಷದವರೆಗೆ ಮಾತ್ರ ನಡೆಸಿ, ಸರಿಯಿದ್ದ ವಿಳಾಸಗಳನ್ನು ಅಲ್ಲಿಂದ ತಂದು ತುಂಬಿದರು. ಕೋಳಿ ಕೂಗುವ ಹೊತ್ತಿಗೆ ಎಲ್ಲರೂ ಅವರವರ ಮನೆಗೆ ಹೋಗಿದ್ದರು. ನಾನು ಮೂರು ಸಲ ಕಾಫಿ ಕಾಯಿಸಿದ್ದೆ.

ಯಾರಿವರು, ಏಕೆ ಸಹಾಯ ಮಾಡುತ್ತಾರೆ?

ಮಾರನೆಯ ದಿನ ಕೇಳಿದೆ: "ಅಲ್ವೇ, ಅವರು ಯಾರು? ನಿನ್ನ ಕಂಪನಿಯವರಲ್ಲ, ದುಡ್ಡು ಕೊಟ್ಟಿಲ್ಲ. ಏಕೆ ಹೇಳಿದರು?"

"ನಮ್ಮಲ್ಲಿ ಹಾಗೇ ಅಮ್ಮಾ. ಗೊತ್ತಿದ್ದವರು ಹೇಳ್ತಾರೆ. ಇವತ್ತು ನನಗೆ, ನಾಳೆ ನಾನು ಇನ್ಯಾರಿಗೋ" ಎಂದಳು.

ಅವಳನ್ನೇ ಕೆದಕಿ ಕೆದಕಿ ಕೇಳಿ ತಿಳಿದಿದ್ದನ್ನು ನಿಮಗೂ ಹೇಳುತ್ತೇನೆ. ಲೆಕ್ಕವನ್ನೆಲ್ಲ ಹೀಗೆ ಪಟ್ಟಿಗಳಲ್ಲಿ ಇಡುವ ಯೋಚನೆಯನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಕಾಡ್ ಎಂಬ ವಿಜ್ಞಾನಿ ಪ್ರಕಟಿಸಿದರು. ನನ್ನ ಮಗಳು ಬಳಸುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಹಲವು ದೇಶಗಳವರು ಸೇರಿ ಬೆಳೆಸುತ್ತಿದ್ದಾರೆ, ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು. ಊರವರೆಲ್ಲ ಸೇರಿ ತೋಡಿದ ಬಾವಿ ಎನ್ನಿ. ಬಾವಿ ಎಲ್ಲರದೂ ಆದಮೇಲೆ ಹಗ್ಗ ಹರಿದವರಿಗೆ ಇನ್ನೊಬ್ಬರು ಹಗ್ಗ ಕೊಡುವುದೂ ತಾನಾಗಿ ಬಂತು.

ಕಂಪನಿಗಳು ಮಾರುವ ಡೇಟಾಬೇಸ್ ಬಳಸುವವರಲ್ಲೂ ಈ ಸ್ನೇಹವುಂಟು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಬಳಸುವವರು 2007ರಲ್ಲಿ ಅಮೆರಿಕದ ಒರ್ಲ್ಯಾಂಡೊ ಊರಿನಲ್ಲಿ ಒಂದು ಶನಿವಾರ ಸೇರಿ, ತಿಳಿದದ್ದನ್ನು ಪುಕ್ಕಟೆಯಾಗಿ ಹೇಳಿಕೊಟ್ಟರು. ಅದೇ 'ಎಸ್‌ಕ್ಯೂಎಲ್ ಶನಿವಾರ' ಎಂದು ಬೇರೆ ಬೇರೆ ದೇಶಗಳಿಗೆ ಹಬ್ಬಿತು. ತಮ್ಮನ್ನು ತಾವು ಇವರು 'ಎಸ್‌ಕ್ಯೂಎಲ್ ಕುಟುಂಬ' ಎಂದೇ ಕರೆದುಕೊಳ್ಳುತ್ತಾರೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ 'ಪಾಸ್' ಎಂಬ ಸಂಘ ಹಣದ ಮುಗ್ಗಟ್ಟಿನಿಂದ 2021ರ ಜನವರಿಯಲ್ಲಿ ಬಾಗಿಲು ಹಾಕಿತು. ಆದರೆ ಶನಿವಾರಗಳು ನಿಲ್ಲಲಿಲ್ಲ. ಅದೇ ಜನ ಮತ್ತೆ ಸೇರಿ ನಡೆಸಿಕೊಂಡು ಬಂದರು. ಸಂಘ ಮುರಿದರೂ ಸ್ನೇಹ ಮುರಿಯಲಿಲ್ಲ.

ಕೇಳುವ ರೀತಿ

ಇಷ್ಟೆಲ್ಲ ಸಹಾಯ ಸಿಗುತ್ತದೆ ಎಂದು ಹೇಗೆಂದರೆ ಹಾಗೆ ಕೇಳುವಂತಿಲ್ಲ. ಅದಕ್ಕೊಂದು ಶಿಸ್ತಿದೆ. ನಮ್ಮ ಅಡುಗೆಮನೆಯ ಮಾತಿನಲ್ಲೇ ಹೇಳುತ್ತೇನೆ.

"ನನ್ನ ಹೋಳಿಗೆ ಹರಿಯುತ್ತೆ ಕಣ್ರೀ, ಏನು ಮಾಡಲಿ?" ಎಂದು ಯಾರಾದರೂ ಕೇಳಿದರೆ ನೀವೇನು ಹೇಳುತ್ತೀರಿ? ಮೈದಾ ಹಿಟ್ಟೋ ಚಿರೋಟಿ ರವೆಯೋ, ಕಣಕ ಎಷ್ಟು ಹೊತ್ತು ನೆನೆದಿತ್ತು, ಹೂರಣ ನೀರಾಗಿತ್ತೋ ಗಟ್ಟಿಯಾಗಿತ್ತೋ, ತಟ್ಟುವಾಗ ಹರಿಯಿತೋ ಕಾವಲಿಗೆ ಹಾಕುವಾಗಲೋ? ಇಷ್ಟು ತಿಳಿಯದೆ ಯಾವ ಅಜ್ಜಿಯೂ ಉತ್ತರ ಹೇಳಲಾರಳು. ಅಲ್ಲಿಯೂ ಹಾಗೆಯೇ. "ನನ್ನ ಡೇಟಾಬೇಸ್ ನಿಧಾನ" ಎಂದರೆ ಸಾಲದು. ಯಾವ ಡೇಟಾಬೇಸ್, ಅದರ ಯಾವ ಆವೃತ್ತಿ, ಕೊಟ್ಟ ಅಪ್ಪಣೆ ಯಾವುದು, ಬಂದ ಉತ್ತರ ಏನು, ತಾನು ಏನೇನು ಮಾಡಿ ನೋಡಿದ್ದಾಯಿತು, ಇದನ್ನೆಲ್ಲ ಮೊದಲೇ ಬರೆಯಬೇಕು.

ಎರಡನೆಯದು, ಇಡೀ ಉಗ್ರಾಣವನ್ನು ಅವರ ಮುಂದೆ ಸುರಿಯಬಾರದು. ತೊಂದರೆ ಕಾಣುವಷ್ಟು ನಾಲ್ಕೇ ಸಾಲಿನ ಮಾದರಿ ಮಾಡಿ ತೋರಿಸಬೇಕು. ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡುವುದಿಲ್ಲವೇ?

ಮೂರನೆಯದು ಬಹಳ ಮುಖ್ಯ. ಆ ಮಾದರಿಯಲ್ಲಿ ನಿಜವಾದ ಗ್ರಾಹಕರ ಹೆಸರು, ಫೋನು, ಹಣದ ವಿವರ ಒಂದೂ ಇರಕೂಡದು. ಸುಳ್ಳು ಹೆಸರು ಹಾಕಬೇಕು. ಆ ರಾತ್ರಿ ಅಷ್ಟು ಗಾಬರಿಯಲ್ಲೂ ನಮ್ಮ ಹುಡುಗಿ ಈ ನಿಯಮ ಮೀರಲಿಲ್ಲ. ಮನೆಯ ಗುಟ್ಟು ಹೊರಗೆ ಬಿಡದೆ ಮದ್ದು ಕೇಳುವುದೇ ಜಾಣತನ.

ನಾಲ್ಕನೆಯದು, "ಅರ್ಜೆಂಟ್, ಅರ್ಜೆಂಟ್" ಎಂದು ಕೂಗಬಾರದು. ಹೇಳುವವರು ಯಾರ ಸಂಬಳದಾಳೂ ಅಲ್ಲ. ಒಂದೇ ಪ್ರಶ್ನೆಯನ್ನು ಏಕಕಾಲಕ್ಕೆ ನಾಲ್ಕು ಕಡೆ ಕೇಳುವುದೂ ತಪ್ಪು. ಒಂದೇ ಮುಹೂರ್ತಕ್ಕೆ ನಾಲ್ಕು ಜನ ಅಡುಗೆಯವರಿಗೆ ಹೇಳಿಟ್ಟ ಹಾಗಾಗುತ್ತದೆ. ಮೂವರ ಶ್ರಮ ದಂಡ.

ಕೊನೆಯದನ್ನು ನಾವೆಲ್ಲ ಮರೆಯುತ್ತೇವೆ. ಕೆಲಸವಾದ ಮೇಲೆ ಹಿಂದಿರುಗಿ ಬಂದು, "ನೀವು ಹೇಳಿದ್ದು ಫಲಿಸಿತು, ಹೀಗೆ ಸರಿಹೋಯಿತು" ಎಂದು ತಿಳಿಸಬೇಕು. ಅದು ಬರೀ ವಂದನೆಯಲ್ಲ. ನಾಳೆ ಅದೇ ತೊಂದರೆಗೆ ಸಿಕ್ಕವರಿಗೆ ಅದು ದಾರಿದೀಪ.

ಹೇಳುವ ನೀತಿ

ಹೇಳುವವರಿಗೂ ನೀತಿಯುಂಟು. ಹಿಂದೆ ಈ ಜನರಲ್ಲೂ ಸಿಡುಕರು ಬಹಳ ಇದ್ದರಂತೆ. "ಪುಸ್ತಕ ಓದಿಕೊಂಡು ಬಾ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದರಂತೆ. ಈಗಲೂ ಅಂಥವರು ಇಲ್ಲವೆಂದಲ್ಲ. ಪೋಸ್ಟ್‌ಗ್ರೆಸ್‌ನವರು 2018ರಲ್ಲಿ ನಡವಳಿಕೆಯ ನಿಯಮಗಳನ್ನೇ ಬರೆದು ಜಾರಿಗೆ ತಂದರು, ದೂರು ಕೇಳಲು ಒಂದು ಸಮಿತಿಯನ್ನೂ ಮಾಡಿದರು. ಉತ್ತರದಲ್ಲಿ ತಪ್ಪಿದ್ದರೆ ತಪ್ಪನ್ನು ತೋರಿಸಬೇಕು, ಮನುಷ್ಯನನ್ನು ಹೀನಾಯ ಮಾಡಬಾರದು. ಪುಸ್ತಕ ನೋಡೆಂದು ಹೇಳುವುದಿದ್ದರೂ ಯಾವ ಪುಟ ಎಂದು ಹೇಳಬೇಕು.

ಇದಕ್ಕೆ ಒಂದು ನಡೆದ ಸಂಗತಿ ಕೇಳಿ. ಗಿಟ್‌ಲ್ಯಾಬ್ ಎಂಬ ಸಂಸ್ಥೆಯಿದೆ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸವನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ಎರಡು ಯಂತ್ರಗಳ ನಡುವೆ ಗುರುತು ತಪ್ಪಿ, ಖಾಲಿ ಮಾಡಬೇಕಾದ್ದನ್ನು ಬಿಟ್ಟು ನಿಜವಾದ ಡೇಟಾಬೇಸನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ ಮಾತ್ರ. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಆಗಿಯೇ ಇರಲಿಲ್ಲ! ಆದರೆ ಅದೇ ಎಂಜಿನಿಯರ್ ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ಕೈಯಾರೆ ಒಂದು ಪ್ರತಿ ತೆಗೆದಿಟ್ಟಿದ್ದರು. ಅದೇ ಕಾಪಾಡಿತು. ಆ ಆರು ಗಂಟೆಗಳಲ್ಲಿ ಸೇರಿದ ಹೊಸ ಬರಹಗಳು ಮಾತ್ರ ಹೋದವು.

ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ. ಸರಿಪಡಿಸುವ ಕೆಲಸವನ್ನು ಯೂಟ್ಯೂಬಿನಲ್ಲಿ ಎಲ್ಲರೂ ನೋಡುವಂತೆ ತೋರಿಸಿತು. ಸಾವಿರಾರು ಜನ ನೋಡಿದರು. ಟೀಕಿಸಿದವರೂ ಇದ್ದರು. ಆದರೆ ಈ ಕೆಲಸದ ಕಷ್ಟ ಬಲ್ಲವರು 'ಹಗ್‌ಆಪ್ಸ್', ಅಂದರೆ 'ನಿಮಗೊಂದು ಅಪ್ಪುಗೆ' ಎಂಬ ಅರ್ಥದ ಮಾತು ಬರೆದು ಧೈರ್ಯ ತುಂಬಿದರು. ಆಮೇಲೆ ಸಂಸ್ಥೆ ಪ್ರಕಟಿಸಿದ ವರದಿಯಲ್ಲಿ ಆ ಎಂಜಿನಿಯರ್ ಹೆಸರಿಲ್ಲ. 'ತಂಡದ ಸದಸ್ಯ 1' ಎಂದಷ್ಟೇ ಇದೆ. ಯಾರು ಮಾಡಿದರು ಎಂಬುದಕ್ಕಿಂತ ಏಕೆ ಹೀಗಾಯಿತು, ಮುಂದೆ ಆಗದಂತೆ ಏನು ಮಾಡಬೇಕು ಎಂಬುದಕ್ಕೇ ಅದರಲ್ಲಿ ಹೆಚ್ಚು ಜಾಗ.

ನನ್ನದೊಂದು ತಪ್ಪು

ಇದನ್ನು ಕೇಳುತ್ತಿದ್ದಾಗ ನನ್ನ ಮನಸ್ಸು ಬೇರೆಲ್ಲೋ ಹೋಗಿತ್ತು. ನಿಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳುತ್ತೇನೆ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆಂದು ಬಂದಿದ್ದ ಎದುರುಮನೆಯ ಹೊಸ ಸೊಸೆ, "ಆಂಟೀ, ಸಾರಿನ ಪುಡಿಗೂ ಹುಳಿಪುಡಿಗೂ ಏನು ವ್ಯತ್ಯಾಸ?" ಎಂದು ಕೇಳಿದಳು. ಹತ್ತು ಜನ ಹೆಂಗಸರ ಮಧ್ಯೆ ನಾನು, "ಅಯ್ಯೋ, ನಿಮ್ಮಮ್ಮ ಇಷ್ಟೂ ಹೇಳಿಕೊಡ್ಲಿಲ್ವೇನೇ?" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂದಿನಿಂದ ಆ ಹುಡುಗಿ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. "ಈಗಿನವರಿಗೆ ಕಲಿಯುವ ಆಸೆಯೇ ಇಲ್ಲ" ಎಂದು ನಾನೇ ನಾಲ್ಕು ಜನರ ಹತ್ತಿರ ಹೇಳಿಕೊಂಡು ತಿರುಗಿದೆ!

ನನ್ನ ಮಗಳು ಗೋಳಾಡುತ್ತ ಕೇಳಿದಾಗ ಆ ದೂರದೇಶದ ಹಿರಿಯರೂ "ಇಷ್ಟೂ ಗೊತ್ತಿಲ್ವಾ?" ಎಂದು ನಕ್ಕಿದ್ದರೆ? ಆ ರಾತ್ರಿ ಅವಳ ಗತಿ ಏನಾಗುತ್ತಿತ್ತು? ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಕಂಡು ಕೇಳದವರು ನನ್ನ ಮಗಳಿಗೆ ತೋರಿಸಿದ ದಯೆಯನ್ನು, ಎದುರುಮನೆಯ ಮಗಳಿಗೆ ತೋರಿಸಲು ನನ್ನಿಂದ ಆಗಲಿಲ್ಲ.

ಮರುವಾರ ಒಂದು ಡಬ್ಬಿ ಹುಳಿಪುಡಿ ಹಿಡಿದು ನಾನೇ ಅವರ ಮನೆಗೆ ಹೋದೆ. "ಅವತ್ತು ನಾನು ಹಾಗನ್ನಬಾರದಿತ್ತಮ್ಮಾ. ನನಗೂ ಮದುವೆಯಾದ ಹೊಸದರಲ್ಲಿ ಗೊತ್ತಿರಲಿಲ್ಲ. ಹುಳಿಗೆ ಸಾರಿನ ಪುಡಿ ಹಾಕಿ ನಮ್ಮತ್ತೆ ಕೈಲಿ ಅನ್ನಿಸಿಕೊಂಡಿದ್ದೆ" ಎಂದೆ. ಅದು ಸುಳ್ಳೇನಲ್ಲ. ಮೊದಲು ಸಂಕೋಚಪಟ್ಟ ಹುಡುಗಿ ಆಮೇಲೆ ಪೆನ್ನು ಕಾಗದ ತಂದು ಬರೆದುಕೊಂಡಳು. ನಮ್ಮ ಕಡೆಯ ರೀತಿ ಹೀಗೆ: ಎರಡಕ್ಕೂ ಮೆಣಸಿನಕಾಯಿ, ಧನಿಯ, ಮೆಂತ್ಯ ಬೇಕು. ಸಾರಿನ ಪುಡಿಗೆ ಜೀರಿಗೆ, ಮೆಣಸು ಮುಂದು. ಹುಳಿಪುಡಿಗೆ ಹುರಿದ ಕಡಲೆಬೇಳೆ, ಉದ್ದಿನಬೇಳೆ, ಚೂರು ಚಕ್ಕೆ ಸೇರಬೇಕು, ಆಗಲೇ ಹುಳಿ ಗಟ್ಟಿಯಾಗುವುದು. ನಾಲ್ಕು ದಿನ ಬಿಟ್ಟು ಅವಳೇ ಬಂದು, "ಆಂಟೀ, ಚೆನ್ನಾಗಿ ಬಂತು. ಮೆಂತ್ಯ ಮಾತ್ರ ಸ್ವಲ್ಪ ಕಮ್ಮಿ ಮಾಡಿದೆ" ಎಂದು ಹೇಳಿ ಹೋದಳು.

ನೋಡಿ, ಹಿಂದಿರುಗಿ ಬಂದು ತಿಳಿಸುವ ನಿಯಮ ಆ ಹುಡುಗಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ!

ಮೊನ್ನೆ ರಾತ್ರಿ ಮತ್ತೆ ಮಗಳ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. "ಮಲಗೋದಿಲ್ವೇನೇ?" ಎಂದೆ.

"ಇರಮ್ಮಾ, ಯಾರೋ ಹೊಸಬರು ನನ್ನ ಹಾಗೇ ತಪ್ಪು ಮಾಡ್ಕೊಂಡು ಕೂತಿದಾರೆ. ಎರಡು ಮಾತು ಬರೆದು ಬರ್ತೀನಿ."

ನಾನು ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ.