ಅವಳಿ ಮಕ್ಕಳ ನಿರೀಕ್ಷೆಯಲ್ಲಿದ್ದರೆ ಹೆರಿಗೆ ಆಸ್ಪತ್ರೆಯ ಆಯ್ಕೆ ಹೇಗೆ?

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ತಾರೀಕು, ಗಬ್ಬ ಪರೀಕ್ಷೆಯ ದಿನ, ಹಾಲು ಬತ್ತಿಸುವ ಕಾಲ, ಕರು ಹಾಕುವ ವಾರ ಇವೆಲ್ಲ ನಮ್ಮ ಹಾಲು ಉತ್ಪಾದಕ ಸದಸ್ಯರಿಗೆ ಬಾಯಿಪಾಠ. ಮನೆಯ ಹೆಣ್ಣುಮಗಳ ಹೆರಿಗೆಯ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಮುಂಜಾಗ್ರತೆ ಇರಬೇಕು. ಅದರಲ್ಲೂ ಸ್ಕ್ಯಾನಿಂಗ್‌ನಲ್ಲಿ ಗರ್ಭದಲ್ಲಿ ಎರಡು ಮಕ್ಕಳಿವೆ ಎಂದು ತಿಳಿದ ಮೇಲೆ, "ನೋವು ಬಂದಾಗ ನೋಡೋಣ, ಹತ್ತಿರದ ಆಸ್ಪತ್ರೆ ಇದೆಯಲ್ಲ" ಎಂದು ಸುಮ್ಮನಿರುವುದು ತರವಲ್ಲ. ಎಲ್ಲಿ ಹೆರಿಗೆ ಮಾಡಿಸಬೇಕು ಎಂಬುದನ್ನು ಆರನೇ ತಿಂಗಳು ಮುಗಿಯುವುದರೊಳಗೆ ತೀರ್ಮಾನಿಸಿಕೊಳ್ಳಬೇಕು. ಹೇಗೆ ತೀರ್ಮಾನಿಸುವುದು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಅವಳಿ ಗರ್ಭ ಏಕೆ ಬೇರೆ?

ಹೆರಿಗೆಯ ಪೂರ್ಣಾವಧಿ 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರಕ್ಕೆ ಮುಂಚೆಯೇ ಹುಟ್ಟುತ್ತವೆ. ಇಂತಹ ಮಕ್ಕಳ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಬೇಗ ತಣ್ಣಗಾಗುತ್ತವೆ. ಸುಮಾರು 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಂಡು ಹಾಲು ಕುಡಿಯಲು ಬರುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿಯುವುದು, ಕಾಮಾಲೆ, ನಂಜು ಇವುಗಳ ಭಯವೂ ಹೆಚ್ಚು.

ತಾಯಿಗೂ ತೊಂದರೆ ಹೆಚ್ಚು. ರಕ್ತದೊತ್ತಡ ಏರಬಹುದು, ರಕ್ತಹೀನತೆ ಕಾಣಬಹುದು. ಗರ್ಭಕೋಶ ಹೆಚ್ಚು ಹಿಗ್ಗಿರುವುದರಿಂದ ಹೆರಿಗೆಯ ನಂತರ ಅದು ಸರಿಯಾಗಿ ಕುಗ್ಗದೆ ರಕ್ತಸ್ರಾವವಾಗಬಹುದು. ಮೊದಲ ಮಗು ಸುಸೂತ್ರವಾಗಿ ಹುಟ್ಟಿದರೂ ಎರಡನೆಯದು ಅಡ್ಡ ತಿರುಗಿ ಶಸ್ತ್ರಚಿಕಿತ್ಸೆ ಬೇಕಾಗಬಹುದು.

"ಏಳು ತಿಂಗಳಿಗೆ ಹುಟ್ಟಿದ ಮಗು ಬದುಕುತ್ತದೆ, ಎಂಟು ತಿಂಗಳಿನದು ಬದುಕುವುದಿಲ್ಲ" ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ಇದು ಸತ್ಯವಲ್ಲ. ಗರ್ಭದಲ್ಲಿ ಮಗು ಹೆಚ್ಚು ಕಳೆಯುವ ಒಂದೊಂದು ವಾರವೂ ಅದರ ಬಲವನ್ನು ಹೆಚ್ಚಿಸುತ್ತದೆ. ಈ ಮಾತು ನಂಬಿ ಎಂಟನೇ ತಿಂಗಳಿನಲ್ಲಿ ಹುಟ್ಟಿದ ಮಗುವಿನ ಆಸೆ ಬಿಡುವುದಾಗಲಿ, ಏಳನೇ ತಿಂಗಳಿನ ಮಗುವಿನ ಬಗ್ಗೆ ಉದಾಸೀನ ಮಾಡುವುದಾಗಲಿ ಕೂಡದು.

ಮಾಸು ಒಂದೋ ಎರಡೋ?

ಹಸು ಗಂಡು-ಹೆಣ್ಣು ಅವಳಿ ಕರು ಹಾಕಿದರೆ, ಆ ಹೆಣ್ಣು ಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮುಂದೆ ಗಬ್ಬ ಕಟ್ಟುವುದಿಲ್ಲ ಎಂಬುದು ಅನುಭವಿ ರೈತರಿಗೆ ಗೊತ್ತು. ಗರ್ಭದಲ್ಲಿ ಎರಡೂ ಕರುಗಳ ರಕ್ತನಾಳಗಳು ಮಾಸಿನಲ್ಲಿ ಕೂಡಿಕೊಂಡು, ಗಂಡು ಕರುವಿನ ರಕ್ತದ ಅಂಶಗಳು ಹೆಣ್ಣು ಕರುವಿಗೆ ಹರಿಯುವುದೇ ಇದಕ್ಕೆ ಕಾರಣ. ಇದನ್ನು ಕಂಡವರು ಮನುಷ್ಯರಲ್ಲೂ ಹೀಗೇ ಎಂದು ತಿಳಿಯುವುದುಂಟು. ಹಾಗಿಲ್ಲ. ಅಣ್ಣನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಮಗಳಿಗೆ ಈ ಕಾರಣದಿಂದ ಬಂಜೆತನ ಬರುವುದಿಲ್ಲ.

ಆದರೆ ಮನುಷ್ಯರಲ್ಲಿ ಒಂದೇ ತತ್ತಿಯಿಂದಾದ ತದ್ರೂಪಿ ಅವಳಿಗಳು ಹಲವು ಬಾರಿ ಒಂದೇ ಮಾಸನ್ನು ಹಂಚಿಕೊಂಡಿರುತ್ತವೆ. ಆಗ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದು, ಒಂದು ಸೊರಗಿ ಇನ್ನೊಂದರ ಹೃದಯಕ್ಕೆ ಭಾರವಾಗುವ ಅಪಾಯವಿದೆ. ಮಾಸು ಒಂದೋ ಎರಡೋ ಎಂಬುದು 11ರಿಂದ 14ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಚೆನ್ನಾಗಿ ತಿಳಿಯುತ್ತದೆ, ತಡವಾದಷ್ಟೂ ಹೇಳುವುದು ಕಷ್ಟ. ಮಾಸು ಬೇರೆ ಬೇರೆಯಾಗಿದ್ದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಸಾಕು. ಒಂದೇ ಮಾಸಿದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಬೇಕು. ಇಂತಹವರು ಮೊದಲಿನಿಂದಲೇ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆಯಲ್ಲಿರುವುದು ಒಳ್ಳೆಯದು.

ಸ್ಕ್ಯಾನಿಂಗ್ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದು 1994ರ ಕಾಯ್ದೆಯಂತೆ ಅಪರಾಧ. ಅಲ್ಲಿ ಕೇಳಬೇಕಾದ ಪ್ರಶ್ನೆ "ಮಾಸು ಎಷ್ಟು?" ಎಂಬುದು. ಉತ್ತರವನ್ನು ವರದಿಯಲ್ಲಿ ಬರೆಸಿಕೊಳ್ಳಿ.

ಆಸ್ಪತ್ರೆಗಳ ನಾಲ್ಕು ಹಂತ

ನಮ್ಮಲ್ಲಿ ಹಾಲು ಸಂಘದಿಂದ ಶೀತಲ ಘಟಕಕ್ಕೆ, ಅಲ್ಲಿಂದ ಡೇರಿಗೆ ಹೋಗುತ್ತದೆ. ಪ್ರತಿ ಹಂತದಲ್ಲಿ ಮಾಡಬಹುದಾದ ಕೆಲಸ ಬೇರೆ. ನವಜಾತ ಶಿಶುವಿನ ಆರೈಕೆಯಲ್ಲೂ ಹೀಗೆಯೇ ಹಂತಗಳಿವೆ.

1. ಹೆರಿಗೆ ಮಾಡಿಸುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನವಜಾತ ಶಿಶು ಆರೈಕೆ ಮೂಲೆ ಇರುತ್ತದೆ. ಹುಟ್ಟಿದ ಮಗುವನ್ನು ಬೆಚ್ಚಗಿಡಲು, ಉಸಿರು ಹಿಡಿಸಲು ಅಲ್ಲಿ ವ್ಯವಸ್ಥೆಯುಂಟು. ಅದಕ್ಕಿಂತ ಹೆಚ್ಚಿನದಿಲ್ಲ.

2. ತಾಲ್ಲೂಕು ಆಸ್ಪತ್ರೆಯಂತಹ ಕಡೆ ಇರುವುದು ನವಜಾತ ಶಿಶು ಸ್ಥಿರೀಕರಣ ಘಟಕ. ಅಲ್ಪಸ್ವಲ್ಪ ತೊಂದರೆಯ ಮಗುವನ್ನು ಇಲ್ಲಿ ನೋಡಿಕೊಳ್ಳಬಹುದು.

3. ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ನವಜಾತ ಶಿಶು ಆರೈಕೆ ಘಟಕವಿರುತ್ತದೆ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 1,800 ಗ್ರಾಂಗಿಂತ ಕಡಿಮೆ ತೂಕದ ಮಗುವನ್ನು ಇಲ್ಲಿಗೆ ಸೇರಿಸಬೇಕೆಂಬುದು ಸರ್ಕಾರದ ನಿಯಮ.

4. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆ ಮತ್ತು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ತೀವ್ರ ನಿಗಾ ಘಟಕವಿರುತ್ತದೆ. ವೆಂಟಿಲೇಟರ್ ಇಟ್ಟು ಬಹಳ ದಿನ ಆರೈಕೆ ಮಾಡುವುದು ಇಲ್ಲಿಯ ಕೆಲಸ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳು ಈ ಹಂತದ ಸರ್ಕಾರಿ ಆಸ್ಪತ್ರೆಗಳು.

ಅವಳಿ ಎಂದ ಮಾತ್ರಕ್ಕೆ ಎಲ್ಲರೂ ಸಾಲ ಮಾಡಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಮಾಸು ಬೇರೆ ಬೇರೆಯಾಗಿದ್ದು, ತಾಯಿಗೆ ತೊಂದರೆಯಿಲ್ಲದೆ, ಮಕ್ಕಳ ಬೆಳವಣಿಗೆ ಸರಿಯಾಗಿ ನಡೆದು 34 ವಾರ ದಾಟಿದ್ದರೆ, ಶಸ್ತ್ರಚಿಕಿತ್ಸೆ, ರಕ್ತ ಮತ್ತು ಶಿಶು ಘಟಕ ಮೂರೂ ಇರುವ ಒಳ್ಳೆಯ ಜಿಲ್ಲಾ ಆಸ್ಪತ್ರೆ ಬಹುಮಟ್ಟಿಗೆ ಸಾಕಾಗುತ್ತದೆ. 32 ವಾರಕ್ಕೆ ಮುಂಚೆಯೇ ನೋವು ಕಾಣಿಸಿಕೊಂಡರೆ, ಒಂದೇ ಮಾಸಿನ ತೊಂದರೆ ಇದ್ದರೆ, ಒಂದು ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ನಾಲ್ಕನೇ ಹಂತದ ಆಸ್ಪತ್ರೆಯೇ ಬೇಕು.

ಗರ್ಭದಲ್ಲಿದ್ದಾಗಲೇ ಸಾಗಿಸುವುದು ಮೇಲು

"ಮೊದಲು ಇಲ್ಲೇ ಹೆರಿಗೆಯಾಗಲಿ, ಮಕ್ಕಳಿಗೆ ತೊಂದರೆಯಾದರೆ ಆಮೇಲೆ ದೊಡ್ಡಾಸ್ಪತ್ರೆಗೆ ಒಯ್ಯೋಣ" ಎಂಬ ವಾದ ಸರಿಯಲ್ಲ. ಒಂದೂವರೆ ಕಿಲೋ ತೂಕದ ಎರಡು ಮಕ್ಕಳನ್ನು ರಾತ್ರಿ ಹೊತ್ತು ಎರಡು ಗಂಟೆ ವಾಹನದಲ್ಲಿ ಸಾಗಿಸುವಾಗ ಮೈ ತಣ್ಣಗಾಗಿ, ಉಸಿರು ಏರುಪೇರಾಗುತ್ತದೆ. ತಾಯಿ ಒಂದು ಊರಿನ ಆಸ್ಪತ್ರೆಯಲ್ಲಿ, ಮಕ್ಕಳು ಇನ್ನೊಂದು ಊರಿನಲ್ಲಿ ಆಗುತ್ತಾರೆ. ಮಗುವನ್ನು ಸಾಗಿಸಲು ತಾಯಿಯ ಗರ್ಭಕ್ಕಿಂತ ಸುರಕ್ಷಿತ ಸ್ಥಳ ಬೇರೆಯಿಲ್ಲ.

ಬೇಗ ಹೋಗುವುದರಿಂದ ಇನ್ನೊಂದು ಲಾಭವಿದೆ. 24ರಿಂದ 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಕಂಡರೆ, ವೈದ್ಯರು ತಾಯಿಗೆ ಡೆಕ್ಸಾಮೆಥಸೋನ್ ಚುಚ್ಚುಮದ್ದನ್ನು 12 ಗಂಟೆಗೊಮ್ಮೆಯಂತೆ ನಾಲ್ಕು ಬಾರಿ ಕೊಡುತ್ತಾರೆ. ಇದರಿಂದ ಮಕ್ಕಳ ಶ್ವಾಸಕೋಶ ಬೇಗ ಬಲಿಯುತ್ತದೆ. ಬೆಲೆ ಅಲ್ಪ, ಪ್ರಯೋಜನ ಬಹಳ. ಆದರೆ ಅದು ಕೆಲಸ ಮಾಡಲು ಸಮಯ ಬೇಕು. ನೋವು ಬಲವಾದ ಮೇಲೆ ಹೋದರೆ ಆ ಸಮಯ ಸಿಗುವುದಿಲ್ಲ.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕಟ್ಟಡ ನೋಡಿ, ನೆಂಟರ ಮಾತು ಕೇಳಿ ಆಸ್ಪತ್ರೆ ಆರಿಸಬೇಡಿ. ಒಮ್ಮೆ ಹೋಗಿ ಈ ಕೆಳಗಿನವನ್ನು ಸಂಕೋಚವಿಲ್ಲದೆ ವಿಚಾರಿಸಿ:

1. ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ರಾತ್ರಿ ಮತ್ತು ಭಾನುವಾರವೂ ಸಿಗುತ್ತಾರೆಯೇ?

2. ರಕ್ತನಿಧಿ ಆಸ್ಪತ್ರೆಯಲ್ಲೇ ಇದೆಯೇ? ಇಲ್ಲದಿದ್ದರೆ ಎಷ್ಟು ಹೊತ್ತಿನಲ್ಲಿ ರಕ್ತ ತರಿಸುತ್ತಾರೆ?

3. ಶಿಶು ಘಟಕ ಅದೇ ಆಸ್ಪತ್ರೆಯಲ್ಲಿದೆಯೇ? ಎಷ್ಟು ವಾರದ, ಎಷ್ಟು ತೂಕದ ಮಗುವನ್ನು ಇಲ್ಲಿಯೇ ನೋಡಿಕೊಳ್ಳುತ್ತಾರೆ?

4. ಒಂದೇ ಸಲಕ್ಕೆ ಎರಡು ಮಕ್ಕಳಿಗೂ ಜಾಗ ಸಿಗುತ್ತದೆಯೇ? ಒಂದು ಹಾಸಿಗೆ ಮಾತ್ರ ಖಾಲಿಯಿದ್ದರೆ ಏನು ಮಾಡುತ್ತಾರೆ? ಅವಳಿಯವರು ಮರೆಯದೆ ಕೇಳಬೇಕಾದ ಪ್ರಶ್ನೆ ಇದು.

5. ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ, ವೆಂಟಿಲೇಟರ್, ಶ್ವಾಸಕೋಶ ಅರಳಿಸುವ ಸರ್ಫ್ಯಾಕ್ಟಂಟ್ ಔಷಧ ಇವೆಯೇ?

6. ರಾತ್ರಿ ಪಾಳಿಯಲ್ಲಿ ಒಬ್ಬ ದಾದಿ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ? ಯಂತ್ರ ಎಷ್ಟಿದ್ದರೂ ನೋಡುವ ಕೈ ಸಾಲದಿದ್ದರೆ ಪ್ರಯೋಜನವಿಲ್ಲ.

7. ತಾಯಿಯನ್ನು ಘಟಕದೊಳಗೆ ಬಿಡುತ್ತಾರೆಯೇ? ಎದೆಹಾಲು ಹಿಂಡಿ ಕೊಡಲು ವ್ಯವಸ್ಥೆ ಇದೆಯೇ?

8. ಕಣ್ಣಿನ ತಪಾಸಣೆ ಮಾಡಿಸುತ್ತಾರೆಯೇ? 34 ವಾರಕ್ಕೆ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣಿನ ಹಿಂಪರದೆಯನ್ನು 30 ದಿನ ತುಂಬುವುದರೊಳಗೆ ಪರೀಕ್ಷಿಸಬೇಕು, ತೀರಾ ಚಿಕ್ಕ ಮಗುವಿಗೆ ಇನ್ನೂ ಮುಂಚೆಯೇ. ತಡವಾದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ ಕಿಡ್ರಾಪ್ ಯೋಜನೆಯು ಜಿಲ್ಲೆಗಳಲ್ಲೇ ಕ್ಯಾಮೆರಾದಿಂದ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ಕ್ರಮವನ್ನು ತಂದಿತು.

ಸೀಮಂತಕ್ಕೆ ಮುಂಚೆಯೇ ತೀರ್ಮಾನ

ಏಳನೇ ತಿಂಗಳಿನಲ್ಲಿ ಸೀಮಂತ ಮಾಡಿ ತವರಿಗೆ ಕಳಿಸುವುದು ನಮ್ಮ ಸಂಪ್ರದಾಯ. ಅವಳಿ ಗರ್ಭದಲ್ಲಿ ಅವಧಿಗೆ ಮುಂಚೆ ನೋವು ಬರುವ ಭಯ ಹೆಚ್ಚುವುದೂ ಅಲ್ಲಿಂದಲೇ. ಗಂಡನ ಮನೆಯವರು ಒಂದು ಆಸ್ಪತ್ರೆ ಗೊತ್ತುಮಾಡಿರುತ್ತಾರೆ, ಹೆಣ್ಣುಮಗಳು ಅಲ್ಲಿಂದ ನೂರು ಕಿಲೋಮೀಟರ್ ದೂರದ ತವರಿನಲ್ಲಿರುತ್ತಾಳೆ. ಆದ್ದರಿಂದ ಎರಡೂ ಮನೆಯ ಹಿರಿಯರು ಕೂತು, ಯಾವ ಮನೆಯಿಂದ ಆಸ್ಪತ್ರೆ ಹತ್ತಿರವೋ ಅಲ್ಲಿರಲಿ ಎಂದು ಒಪ್ಪಿಕೊಳ್ಳುವುದು ಲೇಸು. ಶಾಸ್ತ್ರ ಮುಗಿಸಿ ಮತ್ತೆ ಗಂಡನ ಮನೆಯಲ್ಲೇ ಉಳಿದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ. ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ಮಳೆಗಾಲದ ನಡುರಾತ್ರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ.

ಗರ್ಭಿಣಿಯು ಹುಲ್ಲಿನ ಹೊರೆ, ಸಗಣಿ ಬುಟ್ಟಿ ಹೊರುವ ಕೆಲಸ ಬಿಡಬೇಕು. ಕಂದು ಹಾಕಿದ ಹಸುವಿನ ಮಾಸನ್ನು ಮುಟ್ಟಲೇಬಾರದು, ಅದರಿಂದ ರೋಗ ತಗಲುವ ಭಯವಿದೆ.

ಖರ್ಚಿನ ವಿಚಾರ

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿ ಹೆರಿಗೆ, ಔಷಧ, ರಕ್ತ, ಊಟ, ಸಾಗಣೆ ಎಲ್ಲವೂ ಉಚಿತ. ಕಾಯಿಲೆಯ ಶಿಶುವಿನ ಚಿಕಿತ್ಸೆಯೂ ಉಚಿತ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸೌಲಭ್ಯವಿದೆ. ಇದರಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು, ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ಸಹಕಾರಿಗಳದೇ ಆದ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ವಿಲೀನವಾಗಿ, 2022-23ರಲ್ಲಿ ಮತ್ತೆ ಆರಂಭವಾಯಿತು. ನೀವು ಆರಿಸಿದ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ, ಶಿಶುವಿನ ತೀವ್ರ ನಿಗಾ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂಬುದನ್ನು ಸಂಘದ ಕಾರ್ಯದರ್ಶಿಯವರ ಮೂಲಕ ಮೊದಲೇ ಖಚಿತಪಡಿಸಿಕೊಳ್ಳಿ. ಖಾಸಗಿ ಆಸ್ಪತ್ರೆಯಾದರೆ ಶಿಶು ಘಟಕದ ಒಂದು ದಿನದ ಖರ್ಚು ಕೇಳಿ, ಅದನ್ನು ಎರಡರಿಂದ ಗುಣಿಸಿ. ಬೇಗ ಹುಟ್ಟಿದ ಮಕ್ಕಳು ಕೆಲವು ವಾರ ಅಲ್ಲಿಯೇ ಇರಬೇಕಾಗಬಹುದು. ಆ ದಿನಗಳಲ್ಲಿ ಹಾಲು ಕರೆಯುವವರು, ಮೇವು ಹಾಕುವವರು ಯಾರು ಎಂಬುದನ್ನೂ ಗೊತ್ತುಮಾಡಿಕೊಳ್ಳಿ.

ತಾಯಿಯ ಹಾಲು, ತಾಯಿಯ ಮೈಶಾಖ

ಗಿಣ್ಣು ಹಾಲು ಕುಡಿಯದ ಕರು ಏಳಿಗೆಯಾಗದು ಎಂಬುದು ನಮಗೆಲ್ಲ ಗೊತ್ತು. ಮಗುವಿಗೂ ತಾಯಿಯ ಮೊದಲ ಹಾಲು ಅಷ್ಟೇ ಮುಖ್ಯ. ಚೀಪಲು ಬಾರದ ಮಗುವಿಗೆ ಹಿಂಡಿದ ಎದೆಹಾಲನ್ನು ಕೊಳವೆಯಲ್ಲಿ ಅಥವಾ ಒಳಲೆಯಲ್ಲಿ ಕೊಡುತ್ತಾರೆ. ಹಾಲು ಉತ್ಪಾದಕರ ಪತ್ರಿಕೆಯಲ್ಲೇ ಈ ಮಾತು ಹೇಳಬೇಕು: ನಮ್ಮ ಹಸುವಿನ ಹಾಲು ಎಷ್ಟೇ ಉತ್ತಮವಾಗಿದ್ದರೂ, ನೀರು ಬೆರೆಸಿದರೂ, ಎಳೆ ಶಿಶುವಿಗೆ ಅದು ತಕ್ಕುದಲ್ಲ. ಅದರ ಪ್ರೋಟೀನು, ಲವಣಗಳು ಕರುವಿಗೆ ಹೊಂದುವಂತಹವು.

ತೂಕ ಕಡಿಮೆಯಿರುವ ಮಗುವನ್ನು ಎದೆಗೆ ಎದೆ ಒತ್ತಿ ಮೈಗೆ ಮೈ ತಾಗಿಸಿ ಇಟ್ಟುಕೊಳ್ಳುವುದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ಅವಳಿಯಾದರೆ ಒಂದು ಮಗು ತಾಯಿಯ ಎದೆಯಲ್ಲಿ, ಇನ್ನೊಂದು ತಂದೆಯ ಅಥವಾ ಅಜ್ಜಿಯ ಎದೆಯಲ್ಲಿ ಇರಬಹುದು. ಇದಕ್ಕೆ ಅವಕಾಶ ಕೊಡುವ ಆಸ್ಪತ್ರೆಗೆ ಆದ್ಯತೆ ನೀಡಿ.

ತಡಮಾಡದೆ ಹೊರಡಬೇಕಾದ ಲಕ್ಷಣಗಳು

ಬಿಟ್ಟು ಬಿಟ್ಟು ಬರುವ ಹೊಟ್ಟೆ ಅಥವಾ ಸೊಂಟದ ನೋವು, ನೀರು ಒಡೆಯುವುದು, ರಕ್ತ ಕಾಣುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ಫಿಟ್ಸ್, ಮಕ್ಕಳ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಿ. 108ಕ್ಕೆ ಫೋನ್ ಮಾಡುವಾಗ "ಅವಳಿ ಗರ್ಭ, ಇಷ್ಟು ವಾರ" ಎಂದು ಮೊದಲೇ ಹೇಳಿ.

ಕೊನೆಯದಾಗಿ, ಗೊತ್ತುಮಾಡಿದ ಆಸ್ಪತ್ರೆ, ಅಲ್ಲಿ ಜಾಗವಿಲ್ಲದಿದ್ದರೆ ಹೋಗಬೇಕಾದ ಎರಡನೇ ಆಸ್ಪತ್ರೆ, ಎರಡರ ಫೋನ್ ಸಂಖ್ಯೆ, ತಾಯಿಯ ರಕ್ತದ ಗುಂಪು, ಮಾಸು ಒಂದೋ ಎರಡೋ ಎಂಬ ವಿವರ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಡಿ. ಮನೆಯಲ್ಲಿ ಯಾರಿದ್ದರೂ ಅದನ್ನು ಓದಿಕೊಂಡು ಹೊರಡುವಂತಿರಲಿ.